ಗೈ

ಮೂವತ್ತೊಂದು ಪದದ ಅರ್ಜಿ.
ನೂರೈವತ್ತು ಮೀರಬಾರದೆಂದು ನಿಯಮ;
ಇವನಿಗೆ ಅಷ್ಟೆಲ್ಲ ಬೇಕಾಗಿರಲಿಲ್ಲ.
ಹತ್ತು ರೂಪಾಯಿಯ ಪೋಸ್ಟಲ್ ಆರ್ಡರು ಗುಂಡುಸೂಜಿಗೆ ಸಿಕ್ಕಿ,
ಆವಕ ವಹಿಯಲ್ಲಿ ನನ್ನ ಕೈಯಿಂದಲೇ ನಂಬರು ಬಿತ್ತು:
ಇನ್ನೂರ ಹದಿನೇಳು.
ಅಲ್ಲಿಂದ ಮೂವತ್ತು ದಿನ.

ತಿಪ್ಪೇಶಿ, ತುಂಗಾನಗರ, ಶಿವಮೊಗ್ಗ.
ಕೇಳಿದ್ದು: ಪೌರಕಾರ್ಮಿಕೆ ಉಚ್ಚೆಂಗಮ್ಮ, ಗುತ್ತಿಗೆ,
ಎರಡು ವರ್ಷದ ಹಾಜರಿ ಪುಸ್ತಕದ ನಕಲು.
ಕಾರಣ ಬರೆದಿರಲಿಲ್ಲ. ಬರೆಯಬೇಕಿಲ್ಲವೆಂದು ಕಾಯ್ದೆಯೇ ಹೇಳುತ್ತದೆ.
ಆದರೂ ಸಾಹೇಬರು ಕೇಳಿದರು, "ಯಾಕಂತೆ?"

ಆರೋಗ್ಯ ಶಾಖೆ ಲೆಕ್ಕ ಶಾಖೆಗೆ ಬರೆಯಿತು,
ಲೆಕ್ಕ ಶಾಖೆ ಗುತ್ತಿಗೆದಾರನಿಗೆ,
ಗುತ್ತಿಗೆದಾರ ಫೋನಿಗೆ ಸಿಗಲಿಲ್ಲ.
ಹನ್ನೆರಡನೇ ದಿನ ಕಡತ ವಾಪಸು ಬಂತು,
ಅಂಚಿನಲ್ಲಿ ಯಾರದೋ ಪೆನ್ಸಿಲ್ಲು:
"ಮೂರನೇ ವ್ಯಕ್ತಿಯ ಖಾಸಗಿ ಮಾಹಿತಿ. ಎಂಟು ಒಂದು ಜೆ."

ಮೂರನೇ ವ್ಯಕ್ತಿ.
ಹದಿನಾರು ವರ್ಷ, ನಸುಕಿನ ನಾಲ್ಕೂವರೆಗೆ,
ಕ್ಯಾರಿಯರಿನ ಮೇಲೆ ಕೂರಿಸಿಕೊಂಡು
ಗೋಪಿ ಸರ್ಕಲ್ಲಿನವರೆಗೆ ಸೈಕಲ್ ತುಳಿದವನಿಗೆ
ಅವಳು ಮೂರನೆಯವಳು.
ಇದೆಲ್ಲ ಅರ್ಜಿಯಲ್ಲಿ ಇರಲಿಲ್ಲ.
ಸ್ವೀಕೃತಿಗೆ ಕಾಯುತ್ತ ನಿಂತಾಗ
ನನಗಲ್ಲ, ಗೋಡೆಯ ಕ್ಯಾಲೆಂಡರಿಗೆ ಹೇಳಿದ್ದ.

ಟಿಪ್ಪಣಿ ಬರೆದೆ: ಸದರಿಯವರು ಮೃತರು. ಅರ್ಜಿದಾರರು ಪತಿ.
ನೀಡಬಹುದು.
ಪೇಪರ್‌ವೇಟಿನ ಕೆಳಗೆ ಮೂರು ದಿನ ಮಲಗಿತು ಆ "ನೀಡಬಹುದು".

ಪುಸ್ತಕ ಸಿಕ್ಕಿದ್ದು ಹತ್ತೊಂಬತ್ತಕ್ಕೆ,
ಫಿನಾಯಿಲ್ ಕ್ಯಾನುಗಳ ಹಿಂದೆ,
ಶೀತಕ್ಕೆ ಹಾಳೆಹಾಳೆ ಅಂಟಿಕೊಂಡು.
ದಿನಕ್ಕೊಂದು ಹೆಬ್ಬೆಟ್ಟು, ನೇರಳೆ ಶಾಯಿ,
ಕಸಬರಿಗೆ ಹಿಡಿದೂ ಹಿಡಿದೂ ಗೆರೆ ಸವೆದ ಹೆಬ್ಬೆಟ್ಟು.
ಕೆಲವದರ ನೆತ್ತಿಯ ಮೇಲೆ ಕೆಂಪಿನಲ್ಲಿ: ಗೈ.
ಎಣಿಸಿದೆ. ನಲವತ್ತಮೂರು.
ಆಯುಧಪೂಜೆಯ ಮಾರನೇ ದಿನವೂ ಗೈ,
ಊರಿಗೆ ಊರೇ ಬೂದುಗುಂಬಳ ಒಡೆದು ರಸ್ತೆಗೆ ಚೆಲ್ಲಿದ್ದ ದಿನ.

ಗೈ ಎಂದರೆ ಗೈರುಹಾಜರಿ.
ಶಾಲೆಯಲ್ಲಿ ಕಲಿತ ಹಳೆಯ ಕನ್ನಡದಲ್ಲಿ
ಗೈ ಎಂದರೆ ಮಾಡು, ದುಡಿ. ಗೇಯ್ಮೆ ಅದರ ಮಗಳು.

ಪುಟಕ್ಕೆರಡು ರೂಪಾಯಿ. ಇಪ್ಪತ್ನಾಲ್ಕು ಪುಟ.
ನಲವತ್ತೆಂಟನ್ನೂ ಚಿಲ್ಲರೆಯಲ್ಲೇ ಕಟ್ಟಿದ.
ಜೆರಾಕ್ಸ್ ಯಂತ್ರಕ್ಕೆ ನೇರಳೆ ಗೊತ್ತಿಲ್ಲ, ಕೆಂಪು ಗೊತ್ತಿಲ್ಲ.
ಹೆಬ್ಬೆಟ್ಟು ಮಸಿಯ ಕಲೆಯಾಗಿ ಬಂತು,
ಅಕ್ಷರ ಮಾತ್ರ ಸ್ವಚ್ಛ.
"ಮೂಲದೊಂದಿಗೆ ತಾಳೆ ನೋಡಿದೆ" ಎಂದು ಸಹಿ ಹಾಕಬೇಕಾದವಳು ನಾನು.
ನೋಡಿದೆ. ಗೆರೆಗೆ ಗೆರೆ ತಾಳೆಯಾಗುತ್ತಿತ್ತು.
ತೊಂದರೆ ಇದ್ದದ್ದೇ ಅಲ್ಲಿ.

ಉತ್ತರದ ನಮೂನೆಯಲ್ಲಿ ಮೂರು ಸಾಲು:
ಲಗತ್ತು, ಪುಟಸಂಖ್ಯೆ, ಮೇಲ್ಮನವಿಯ ವಿಳಾಸ.
ನಾಲ್ಕನೆಯದನ್ನು ನಾನು ಟೈಪು ಮಾಡಿದೆ:
"ಮೂಲ ಪುಸ್ತಕವನ್ನು ಕಚೇರಿ ವೇಳೆಯಲ್ಲಿ ಖುದ್ದು ಪರಿಶೀಲಿಸಬಹುದು."
ಸಾಹೇಬರು ಓದಿದರು. ಪೆನ್ನಿನ ಕ್ಯಾಪು ಹಾಕಿದರು.
ಫ್ಯಾನಿನತ್ತ ನೋಡಿದರು.
ಕ್ಯಾಪು ತೆಗೆದರು.

ಅವನು ಬಂದದ್ದು ಮಂಗಳವಾರ.
ಕಿಟಕಿಯ ಪಕ್ಕದ ಬೆಂಚು ಕೊಟ್ಟೆ.
"ಮುಟ್ಟಬಹುದಾ ಮೇಡಂ?"
ಪರಿಶೀಲನೆಯೆಂದರೆ ನೋಡುವುದೋ ಮುಟ್ಟುವುದೋ
ಕಲಮಿನಲ್ಲಿ ಬಿಡಿಸಿ ಹೇಳಿಲ್ಲ.
ಮುಟ್ಟಿ, ಅಂದೆ.

ಅವನು ಮೊದಲು ಚೀಲದಿಂದ ಎರಡು ಕ್ಯಾಲೆಂಡರು ತೆಗೆದ,
ಯಾವುದೋ ಸಹಕಾರಿ ಬ್ಯಾಂಕಿನವು, ಸುರುಳಿ ಸುತ್ತಿದ್ದವು.
ಕೆಲಸಕ್ಕೆ ಹೋದ ದಿನಕ್ಕೊಂದು ಇದ್ದಿಲ ಚುಕ್ಕೆ.
ಅವಳೇ ಇಡಿಸಿದ್ದಂತೆ,
"ಓದು ಬರದವರ ಲೆಕ್ಕ ಯಾರು ಇಡ್ತಾರೆ" ಅಂತ ಬೈದು ಬೈದು.

ಬೆರಳಿಟ್ಟು ನೋಡತೊಡಗಿದ, ಅಲ್ಲೊಮ್ಮೆ, ಇಲ್ಲೊಮ್ಮೆ.
"ಇದೊಂದು," ಅಂದ.
ತುಂಬ ಹೊತ್ತಾದ ಮೇಲೆ, "ಇದೂ."
ಊಟದ ವೇಳೆಗೆ ಎಲ್ಲ ಎದ್ದು ಹೋದರು.
ಬರೆದುಕೊಳ್ಳಲು ಹಾಳೆ ಕೊಟ್ಟೆ. ಪೆನ್ನು ಕೇಳಿದ.
ನನ್ನ ಮೇಜಿನ ಮೇಲೆ ಇದ್ದದ್ದು ಕೆಂಪಿನದು.
ಪಕ್ಕದ ಮೇಜಿನ ಡ್ರಾಯರು ಎಳೆದು
ನೀಲಿ ಹುಡುಕಿದೆ.