ಇನ್ನೊಮ್ಮೆ ಹಾಕು

ಸೊಹಾರ್ ಬಂದರಿನ ಹಿಂದೆ, ಕ್ಯಾಂಪಿನ ಮೆಸ್ಸಿನಲ್ಲಿ,
ಶಟ್‌ಡೌನಿನ ಹತ್ತೊಂಬತ್ತನೇ ದಿನ, ಗುರುವಾರ ರಾತ್ರಿ
ಗೋಡೆಗೆ ಬೆಡ್‌ಶೀಟು ಮೊಳೆ ಹೊಡೆದು
ಹಝ್ವಾನ್ ತನ್ನ ಊರಿನ ಸಿನಿಮಾ ಹಾಕಿದ.

ರೌಡಿಗಳ ಕಥೆ. ನಗಿಸುವ ರೌಡಿಗಳು.
ಬಾಸಿಗೆ ಬೆಕ್ಕೆಂದರೆ ಭಯ. ಬಲಗೈ ಬಂಟನಿಗೆ
ಅಮ್ಮನ ಫೋನು ಬರುತ್ತಲೇ ಇರುತ್ತದೆ,
ಮಚ್ಚು ಎತ್ತಿದ ಕೈಯಲ್ಲೇ ಅದನ್ನೂ ಎತ್ತಬೇಕು:
"ಉಂಡೆನಮ್ಮಾ, ಉಂಡೆ."
ಹಫ್ತಾ ವಸೂಲಿಗೆ ಹೋದವರು ದುರಿಯನ್ ಅಂಗಡಿಯಲ್ಲಿ ಕೂತು
ಹಣ್ಣು ತಿಂದು, ದುಡ್ಡು ಕೊಟ್ಟು ಬರುತ್ತಾರೆ.
ಮಲಯ್ ನಮಗೆ ಬಾರದು. ಕೆಳಗಿನ ಇಂಗ್ಲಿಷ್ ಸಾಲು
ಬೆಡ್‌ಶೀಟಿನ ಮಡಿಕೆಯಲ್ಲಿ ಅರ್ಧ ಮುಳುಗಿತ್ತು.
ಆದರೂ ಬಿದ್ದು ಬಿದ್ದು ನಕ್ಕೆವು.
ಬೆಕ್ಕಿಗೆ ಯಾವ ಭಾಷೆ?

ವೆಲ್ಡರ್ ಸರ್ಗುಣನ್ ಮಾತ್ರ ವಾಚು ನೋಡುತ್ತಿದ್ದ.
ಅವನದೂ ಅದೇ ದೇಶ. ಅಜ್ಜನ ಅಪ್ಪ
ರಬ್ಬರು ಕೊಯ್ಯಲು ಹಡಗು ಹತ್ತಿದವನು.
"ಈಗ ಬರುತ್ತಾನೆ ನೋಡು ನಮ್ಮವನು.
ಮೀಸೆ, ಬಾಟಲಿ, ಅಯ್ಯಯ್ಯೋ."
ಬಂದ. ಮೀಸೆ. ಬಾಟಲಿ. ಅಂದೂಬಿಟ್ಟ.
ಅವನ ಹಿಂದೆ ಚೀನೀ ಸೇಠು ಬಂದ,
ಕ್ಯಾಲ್ಕುಲೇಟರ್ ಒತ್ತಿದ, ಹೋದ.
"ಎಂಟು ನಿಮಿಷ," ಎಂದ ಸರ್ಗುಣನ್, "ನಾಲ್ಕು ತಲೆಮಾರಿಗೆ.
ತಲೆಗೆ ಎರಡು."

"ನಾನು ಬರೆದದ್ದಲ್ಲವಲ್ಲ ಅಣ್ಣೇ," ಹಝ್ವಾನನ ಕಿವಿ ಕೆಂಪು.
"ಬರೆದದ್ದಲ್ಲ. ನಕ್ಕದ್ದು."
ಹಾಗೆಂದು ತಾನೂ ನಕ್ಕ, ಯಾಕೆಂದರೆ
ಆ ಕುಡುಕ ನಿಜಕ್ಕೂ ಚೆಂದ ಬೀಳುತ್ತಿದ್ದ,
ಚರಂಡಿಗೆ, ತಲೆಕೆಳಗಾಗಿ, ಬಾಟಲಿ ಒಡೆಯದೆ.

ಮತ್ತೆ ನನ್ನತ್ತ ತಿರುಗಿ:
"ನಿಮ್ಮ ಕನ್ನಡ ಸಿನಿಮಾದಲ್ಲಿ ನೀನು ಯಾರು?"

ಮನೆಯಲ್ಲಿ ಬ್ಯಾರಿ, ಬಸ್ಸಿನಲ್ಲಿ ತುಳು, ಶಾಲೆಯಲ್ಲಿ ಕನ್ನಡ,
ಇಲ್ಲಿ ಇಳಿದಂದಿನಿಂದ ಎಲ್ಲರ ಬಾಯಲ್ಲಿ ಮಲಬಾರಿ.
ನಾನು ಯಾರು?
"ನಮ್ಮ ಕಡೆಯವ ಎಂದರೆ ಹೋಟೆಲಿನವ.
'ಎಂತ ಮಾರಾಯ್ರೇ' ಎನ್ನಬೇಕು, ಟಾಕೀಸು ನಗಬೇಕು.
ಅದೂ ನನ್ನ ಪಾರ್ಟಲ್ಲ. ನಾನು ಬಂದರೆ
ಕತ್ತಲಲ್ಲಿ ದೋಣಿಯಿಂದ ಚಿನ್ನ ಇಳಿಸುತ್ತಿರುತ್ತೇನೆ."
ಚಿನ್ನವಂತೆ! ಹದಿನಾಲ್ಕು ವರ್ಷದಿಂದ
ಸ್ಟೋರಿನಲ್ಲಿ ಬೋಲ್ಟು ಎಣಿಸುತ್ತಿದ್ದೇನೆ.

ಆಗ ಹಿಂದಿನ ಬೆಂಚಿನಿಂದ, ಅಲ್ಲಿವರೆಗೆ ತುಟಿ ಬಿಚ್ಚದ
ತೊಫಜ್ಜಲ್ ಎದ್ದು ನಿಂತ. "ರುಕೋ!"

ಪೆಟ್ರೋಲ್ ಬಂಕು. ರೌಡಿಗಳ ಕಾರಿಗೆ
ಎಣ್ಣೆ ಹಾಕುವ ಹುಡುಗ. ಹೆಸರಿಲ್ಲ, ಮಾತಿಲ್ಲ.
ಬಾಸು ಮುಖ ನೋಡದೆ ನೋಟು ಚಾಚುತ್ತಾನೆ,
ಹುಡುಗ ಅದನ್ನು ಬೆಳಕಿಗೆ ಹಿಡಿದು ಪರೀಕ್ಷಿಸುತ್ತಾನೆ.
ಐದು ಸೆಕೆಂಡು. ಕಾರು ಹೋಯಿತು, ಕಥೆ ಅದರ ಹಿಂದೆ ಹೋಯಿತು.

"ಇನ್ನೊಮ್ಮೆ ಹಾಕು."

ಹಾಕಿದ.

"ನಮ್ಮವನು! ಬರಿಶಾಲಿನವನು!
ಗಮ್ಛಾ ನೋಡು, ಕುತ್ತಿಗೆಗೆ ಹಾಗೆ ಸುತ್ತುವವರು ನಾವೇ."
ತೆಗೆಯೆಂದು ಯಾರೂ ಹೇಳಿಲ್ಲ ಅವನಿಗೆ.
ಸುತ್ತೆಂದೂ ಹೇಳಿರಲಿಕ್ಕಿಲ್ಲ.
ಯಾರೂ ಅವನನ್ನು ನೋಡಿಯೇ ಇಲ್ಲ, ಹಾಗಾಗಿ
ಇದ್ದ ಹಾಗೇ ಬಂದುಬಿಟ್ಟಿದ್ದಾನೆ.

ಆರು ಸಲ ಹಾಕಿದ ಹಝ್ವಾನ್.
ಸದ್ದು ತಗ್ಗಿಸಿ ಎನ್ನಲು ಬಂದ ವಾಚ್‌ಮನ್ ಖಲ್ಫಾನ್
ಬಾಗಿಲಲ್ಲೇ ನಿಂತು, ಏನು ಎತ್ತ ತಿಳಿಯದೆ,
ಆರನೆಯ ಸಲಕ್ಕೆ ಚಪ್ಪಾಳೆ ತಟ್ಟಿದ.
ಬಾಸಿಗೇನಾಯಿತು, ಬೆಕ್ಕಿಗೇನಾಯಿತು,
ಆ ರಾತ್ರಿ ನಾವು ನೋಡಲಿಲ್ಲ.

ನಮ್ಮ ಬಂಕು ಬೇರೆ. ಎರಡಂತಸ್ತಿನ ಕಬ್ಬಿಣದ ಮಂಚ.
ಮೇಲಿನದರಲ್ಲಿ ಬೋರಲು ಮಲಗಿ ಫೋನು ತೆರೆದೆ.
ಕಂಪೆನಿಯ ಜಾಹೀರಾತು, ಹೋದ ವರ್ಷದ್ದು:
ಕೊಳವೆ, ಸೂರ್ಯೋದಯ, ಬಿಳಿ ಹೆಲ್ಮೆಟ್ಟಿನ ಮುಗುಳ್ನಗೆ,
ಎರಡನೇ ನಿಮಿಷಕ್ಕೆ ಎಲ್ಲಿಂದಲೋ ಒಂದು ಕೈ
ಸ್ಪ್ಯಾನರ್ ನೀಡುತ್ತದೆ. ಮೊಣಕೈವರೆಗೆ. ಅಷ್ಟೇ.
ಊರಲ್ಲಿ ಯಾರಿಗೂ ಹೇಳಿರಲಿಲ್ಲ, ಏನೆಂದು ಹೇಳುವುದು?
ಉಳ್ಳಾಲದಿಂದ ಮಿಸ್ರಿಯಾ ತಾನಾಗಿ ಬರೆದಿದ್ದಳು:
"ಉಪ್ಪಾ, ಹೆಬ್ಬೆರಳ ಸುಟ್ಟ ಕಲೆ ಕಾಣಿಸಿತು.
ಟೀಚರಿಗೂ ತೋರಿಸಿದೆ."

ಬೆರಳಿಟ್ಟು ಹಿಂದಕ್ಕೆಳೆದೆ.
ಬಿಳಿ ಹೆಲ್ಮೆಟ್ಟಿನವನ ಕೈಯಿಂದ
ಸ್ಪ್ಯಾನರ್ ಮೆಲ್ಲಗೆ ನನ್ನ ಕೈಗೆ ಮರಳಿತು.