ದಾಟಿಸಿದ ಲೆಕ್ಕ

ಐದು ಡಿಗ್ರಿ ದಾಟಿದ ರಾತ್ರಿ, ಜೊತೆಗೆ ಸೋನೆ ಹಿಡಿದರೆ
ಗ್ಲೆನಿಸ್ ಫೋನು ಮಾಡುತ್ತಾಳೆ: "ಹೊರಟಿದ್ದಾವೆ."
ಅಷ್ಟೇ. ಯಾರು, ಎಲ್ಲಿಗೆ, ಕೇಳುವಂತಿಲ್ಲ.
ಒಲೆ ಆರಿಸಿ, ಸಾರಿನ ಮೇಲೆ ತಟ್ಟೆ ಮುಚ್ಚಿ
ಮಿರುಗುವ ಹಳದಿ ಜಾಕೀಟು ತೊಟ್ಟು
ಬಕೆಟ್ಟು ಹಿಡಿದು ನಾನೂ ಹೊರಡುತ್ತೇನೆ.

ಬೆಲ್ಪರಿನಾಚೆ ಗುಡ್ಡದಿಂದಿಳಿಯುವ ಕಿರುದಾರಿ.
ಆ ಬದಿ ಬೀಚ್ ಮರಗಳು, ಈ ಬದಿ
ಹಳೆಯ ಹತ್ತಿ ಗಿರಣಿಯ ಕೆರೆ.
ಗಿರಣಿ ನಿಂತು ಎಷ್ಟು ಕಾಲವಾಯಿತೋ,
ಯಾವ ದೇಶದ ಹತ್ತಿ ಇಲ್ಲಿ ನೂಲಾಯಿತೋ,
ನೆಲಗಪ್ಪೆಗಳಿಗೆ ಅದು ಬೇಕಿಲ್ಲ.
ಬಾಲ ಕರಗಿ ಕಾಲು ಬಂದದ್ದು ಈ ನೀರಲ್ಲಿ,
ಅದೊಂದು ಗೊತ್ತು.
ನಡುವೆ ಟಾರು ಹಾಕಿದವರು ಯಾರೆಂದು ಕೇಳದೆ
ನಡೆದು ಬರುತ್ತವೆ. ಹೌದು, ನಡೆದು.
ಪಿಂಚಣಿಗೆ ಹೊರಟ ಮುದುಕರಂತೆ
ಮೊಣಕೈ ಊರಿ, ನಿಂತು, ಯೋಚಿಸಿ,
ಮತ್ತೊಂದು ಹೆಜ್ಜೆ.

ಮೊದಲ ವರ್ಷ ಮುಟ್ಟಲು ಹೇಸಿದೆ.
"ಕಪ್ಪೆ ಮುಟ್ಟಿದರೆ ನರುಲಿ ಏಳ್ತವೆ" ಎಂದ ಅಮ್ಮ
ಹೋಗಿ ಹದಿನೇಳು ವರ್ಷವಾದರೂ
ನನ್ನ ಬೆರಳ ತುದಿಯಲ್ಲೇ ಕೂತಿದ್ದಳು.
ಗ್ಲೆನಿಸ್ ತನ್ನ ಗ್ಲೌಸು ಬಿಚ್ಚಿ ಕೊಟ್ಟಳು,
ಒಳಗೆ ಅವಳ ಕೈಯ ಬಿಸಿ ಇನ್ನೂ ಇತ್ತು.
ಎತ್ತಿಕೊಂಡೆ. ಒಂದು ಮುಷ್ಟಿ ತಂಪು, ತಾಮ್ರದ ಕಣ್ಣು.
ಬೈದ ಹಾಗೆ ಕೀಕ್ ಕೀಕ್ ಎಂದಿತು.
"ಗಂಡು. ಬಿಡು ಅನ್ನುತ್ತಿದ್ದಾನೆ" ಎಂದಳು.

ಕೆಲವು ಹೆಣ್ಣುಗಳು ಗಂಡನ್ನು ಬೆನ್ನಿಗೇರಿಸಿಕೊಂಡೇ ಬರುತ್ತವೆ.
ನಮ್ಮಲ್ಲಿ ಮಳೆ ತಪ್ಪಿದರೆ
ಅರಿಶಿನ ಹಚ್ಚಿ ಕಪ್ಪೆಗಳಿಗೆ ಮದುವೆ ಮಾಡುತ್ತೇವೆ, ಎಂದೆ.
ಗ್ಲೆನಿಸ್ ನಗಲಿಲ್ಲ. ಟಾರ್ಚು ಜೋಡಿಯ ಮೇಲಿಟ್ಟು
"ಇಲ್ಲಿ ಮಳೆಗೇನು ಬರ? ಇವರು
ಯಾರನ್ನೂ ಕೇಳದೆ ಮಾಡಿಕೊಂಡಿದ್ದಾರೆ."

ಯುಗಾದಿ ಬರುವುದೂ ಸರಿಯಾಗಿ ಇದೇ ಹೊತ್ತಿಗೆ.
"ಈ ಸಲವೂ ಬರಲ್ವೇನೇ?" ಮುಳಬಾಗಿಲಿನಿಂದ ತಂಗಿ ಇಂದುಮತಿ.
"ಕಪ್ಪೆ ಮುಗಿದ ಮೇಲೆ ಟಿಕೇಟು."
ಆ ಕಡೆ ಸ್ವಲ್ಪ ಹೊತ್ತು ಬರೀ ಕುಕ್ಕರಿನ ಸದ್ದು.
"ಕಪ್ಪೆ ಆದ್ಮೇಲೆ ನಾವು. ಸರಿ ಬಿಡು."

ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ.
ಯಾವುದು ಹೆಚ್ಚು ಎಂದು ಕೇಳುತ್ತಾರೆ.
ತೂಗಲು ಕೂತಿದ್ದೆ ಒಮ್ಮೆ. ಕಪ್ಪೆ ತೂಗಿದ ಹಾಗೆ
ಅನ್ನುತ್ತಾರಲ್ಲ, ಅದೇ:
ಈ ತಟ್ಟೆಗೆ ಒಂದಿಡುವಷ್ಟರಲ್ಲಿ
ಆ ತಟ್ಟೆಯದು ನೆಗೆದಿರುತ್ತದೆ.
ತಕ್ಕಡಿ ಅಟ್ಟಕ್ಕೆ ಹಾಕಿದೆ. ಬಕೆಟ್ಟು ಸಾಕು.

ಕಳೆದ ಆಗಸ್ಟಿನಲ್ಲಿ ಮುಳಬಾಗಿಲಿನ ಕೆರೆ ಏರಿ ಮೇಲೆ,
ಒಂದು ಹದ ಮಳೆ ಬಂದ ರಾತ್ರಿ, ಅದೇ ಕೆಲಸ.
ಇಂದುವಿನ ಸ್ಟೀಲ್ ಬಕೆಟ್ಟು, ಅವಳಿಗೆ ಹೇಳದೆ.
ಬೈಕು ನಿಲ್ಲಿಸಿದ ಹುಡುಗ: "ಏನಜ್ಜಿ ಕಳ್ಕೊಂಡ್ರಿ?"
"ಏನೂ ಇಲ್ಲ. ಲೈಟು ಸ್ವಲ್ಪ ಈ ಕಡೆ ಹಿಡಿ."
ಹಿಡಿದ.

ನಿನ್ನೆ ಇಲ್ಲಿ ಒಂಬತ್ತೂಕಾಲಿಗೆ ಒಂದು ವ್ಯಾನು ನಿಲ್ಲಲಿಲ್ಲ.
ಕೈ ಬೀಸಿದೆ, ಕೂಗಿದೆ.
ಕನ್ನಡದಲ್ಲಿ ಕೂಗಿದ್ದೆಂದು ಆಮೇಲೆ ಗೊತ್ತಾಯಿತು.
ಹನ್ನೊಂದು.
ಸತ್ತವನ್ನೂ ಬರೆಯಬೇಕು. ಎರಡು ಸಲ ಎಣಿಸದಂತೆ
ಹುಲ್ಲಿನ ಬದಿಗೆ ಸರಿಸಬೇಕು.
ಒಂದರ ಹೊಟ್ಟೆಯಿಂದ ಮೊಟ್ಟೆಯ ಎಳೆ,
ಥೇಟು ಕರಿಮಣಿ ಸರ,
ಹರಿದು ಟಾರಿನ ಮೇಲೆ ಬಿದ್ದಿತ್ತು.
ಅದನ್ನು ಬರೆಯಲು ಪುಸ್ತಕದಲ್ಲಿ ಕಾಲಮ್ಮು ಇಲ್ಲ.

ಚಳಿಗೆ ಬೆರಳು ಮರಗಟ್ಟಿದರೆ
ಅಂಕಿ ತಾನಾಗಿ ಕನ್ನಡದಲ್ಲೇ ಇಳಿಯುತ್ತದೆ.
ದಾಟಿದ್ದು ೧೨೨. ಸತ್ತದ್ದು ೧೧.
ಗೇಟಿನ ಪಕ್ಕದ ಡಬ್ಬಿಯಲ್ಲಿ ಪುಸ್ತಕ ಇಟ್ಟು ಬಂದೆ.
ಬೆಳಿಗ್ಗೆ ಗ್ಲೆನಿಸ್: "ಇದೇನು ಬರೆದಿದ್ದೀ ಮಾರಾಯ್ತಿ?"
ಓದಿ ಹೇಳಿದೆ. ಬರೆದುಕೊಂಡಳು. ತುಸು ತಡೆದು,
"ನಿಮ್ಮ ಈ ಎರಡು ಇದೆಯಲ್ಲ,
ಪಕ್ಕದಿಂದ ನೋಡಿದರೆ ಕೂತ ಕಪ್ಪೆ.
ಇನ್ನು ಮುಂದೆ ಹೀಗೇ ಬರಿ."

ಇವತ್ತು ಸಂಜೆಗೆ ಆರು ಡಿಗ್ರಿಯಂತೆ. ಮೋಡವಿದೆ.
ಸಾರು ಬೇಗ ಮಾಡಿಬಿಡಬೇಕು.