ಚೀಟಿಯ ಮೇಲೆ ಚೀಟಿ

ಆ ವರ್ಷ ಜುಲೈ, ಬ್ಯೂನಸ್ ಐರಿಸ್‌ನಲ್ಲಿ ಮೂಳೆ ಕೊರೆವ ಚಳಿ.
ಬೋಯೆದೋ ಕೇರಿಯ ದಿನಸಿ ಅಂಗಡಿಯಲ್ಲಿ
ನನ್ನ ಕೆಲಸ ಬೆಲೆ ಅಂಟಿಸುವುದು.
ಕೈಯಲ್ಲೊಂದು ಪಿಸ್ತೂಲಿನಂಥ ಯಂತ್ರ,
ಒತ್ತಿದರೆ ಟಕ್, ಒಂದು ಚೀಟಿ.
ಬೆಳಗಿಗೊಂದು ಬೆಲೆ, ಊಟದ ಹೊತ್ತಿಗೊಂದು,
ದೀಪ ಹಚ್ಚುವಾಗ ಮತ್ತೊಂದು.
ಹಳೆಯದನ್ನು ಕೀಳಲು ಪುರುಸೊತ್ತೆಲ್ಲಿ?
ಚೀಟಿಯ ಮೇಲೆ ಚೀಟಿ, ಅದರ ಮೇಲೆ ಚೀಟಿ,
ಬಟಾಣಿ ಡಬ್ಬಿಗೆ ಗಳಗಂಡ ಎದ್ದ ಹಾಗೆ.

ಸಾಲಿನ ಈ ತುದಿಯಿಂದ ನಾನು ಹೊರಟರೆ
ಆ ತುದಿಯಿಂದ ಓಡಿ ಬರುತ್ತಿದ್ದರು ಹೆಂಗಸರು.
ಒಫೇಲಿಯಾ, ಎಂಟು ತಿಂಗಳ ಬಸುರಿ,
ಎಣ್ಣೆ ಬಾಟಲಿಯನ್ನು ಯಂತ್ರದ ಮೂತಿಯಿಂದ ಕಸಿದು
"ಕಳ್ಳಿ!" ಎಂದಳು, ಎಲ್ಲರಿಗೂ ಕೇಳುವಂತೆ.
ನಾನು ತುಟಿ ಬಿಚ್ಚಲಿಲ್ಲ.
ತಂತಿ ತಂದ ಅಂಚೆಯವನಿಗೆ ಹೊಡೆದರೆ
ಸತ್ತವರು ಎದ್ದು ಬರುತ್ತಾರೆಯೇ?
(ಹಾಲಿನ ಸಾಲಿನಲ್ಲಿ ಮಾತ್ರ ಬೇಕೆಂದೇ ನಿಧಾನ ನಡೆಯುತ್ತಿದ್ದೆ.
ಧಣಿಗೆ ಗೊತ್ತಿತ್ತು. ಕೇಳಲಿಲ್ಲ.)

ರೇಡಿಯೋದಲ್ಲಿ ಮಂತ್ರಿಗಳು ಗದರಿದರು:
ಇದೆಲ್ಲ ವರ್ತಕರ ದುರಾಸೆ.
ಮರುದಿನ ಇನ್ಸ್‌ಪೆಕ್ಟರ್ ಬಂದು ಪಟ್ಟಿ ಹಚ್ಚಿದ:
ಸಕ್ಕರೆಗೆ ಇಷ್ಟೇ, ಹಿಟ್ಟಿಗೆ ಇಷ್ಟೇ.
ಸಂಜೆಗೆ ಪಟ್ಟಿ ಇತ್ತು,
ಸಕ್ಕರೆ ಇರಲಿಲ್ಲ.

ಧಣಿ ಎವಾರಿಸ್ತೋನ ಬಳಿ ಒಂದು ಉದ್ರಿ ಪುಸ್ತಕ,
ಜಿಡ್ಡು ಹಿಡಿದ ನೀಲಿ ರಟ್ಟು.
ಅದರಲ್ಲಿ ಸಾಲಕ್ಕೊಂದು ಹೆಸರು, ಹೆಸರಿಗೊಂದು ಮುಖ,
ಮುಖ ತಪ್ಪಿಸಿಕೊಂಡು ಆಚೆ ಬದಿಯಲ್ಲಿ ನಡೆವ ನಾಚಿಕೆ.
"ಸರಕಾರವೂ ಸಾಲ ಬರೆಸುತ್ತದಲ್ಲ," ಅಂದೆ, "ಯಾರ ಹೆಸರಲ್ಲಿ?"
ಅವನು ಒಫೇಲಿಯಾಳ ಹೊಟ್ಟೆಯ ಕಡೆ
ಗಲ್ಲ ಎತ್ತಿ ತೋರಿಸಿದ.

ಇಷ್ಟೆಲ್ಲ ಬೈಗುಳ ಹೊತ್ತು ಮನೆಗೆ ಬಂದರೆ
ಬಾಗಿಲು ತೆಗೆಯುವವನು ನನ್ನ ಗಂಡ ಆನ್ಸೆಲ್ಮೋ,
ಟಂಕಸಾಲೆಯಲ್ಲಿ ನೋಟು ಮುದ್ರಿಸುವವನು.
ಮೆತ್ತಗಿನ ಮಾತು, ಬೆಳ್ಳನೆಯ ಅಂಗಿ,
ಉಗುರಿನ ಸಂದಿಯಲ್ಲಷ್ಟೇ ಮಸಿ.
ಅವನನ್ನು ಯಾರೂ ಕಳ್ಳ ಎನ್ನಲಿಲ್ಲ.
ಬಸ್ಸಿನಲ್ಲಿ ಅವನಿಗೆ ಸೀಟು ಬಿಟ್ಟುಕೊಡುತ್ತಿದ್ದರು.

"ಇವತ್ತು ಎರಡು ಪಾಳಿ," ಎನ್ನುತ್ತ ಬೂಟು ಕಳಚುವನು.
ಹಾಗಾದರೆ ನನಗೂ ಬಂತು ಎರಡು ಪಾಳಿ,
ಇವತ್ತಲ್ಲದಿದ್ದರೆ ಬರುವ ವಾರ.
ಅಲ್ಲಿ ಅವನು ಸೊನ್ನೆ ಬಿತ್ತುತ್ತಿದ್ದ,
ಇಲ್ಲಿ ನಾನು ಕೊಯ್ಯುತ್ತಿದ್ದೆ,
ರಾತ್ರಿ ಇಬ್ಬರೂ ಒಂದೇ ತಟ್ಟೆಯಿಂದ ಉಣ್ಣುತ್ತಿದ್ದೆವು.

ಹಾಸಿಗೆ ಇದ್ದಷ್ಟು ಕಾಲು ಚಾಚು,
ಇದು ನನ್ನಂಥವರಿಗೆ ಹೇಳುವ ಮಾತು.
ಅರಮನೆಗೆ ಹಾಸಿಗೆಯ ಅಳತೆ ಬೇಕಿಲ್ಲ,
ಕಾಲು ಚಾಚಿದಲ್ಲೆಲ್ಲ ಹಾಸಿಕೊಡಲು ಆನ್ಸೆಲ್ಮೋ ಇದ್ದಾನೆ.
ನಾನೋ, ಸಂಬಳದ ದಿನವೇ ಕ್ಷೌರಿಕನ ಹಿಂದಿನ ಕೋಣೆಗೆ ಓಡಿ
ಸಿಕ್ಕಷ್ಟು ಡಾಲರ್ ಮಾಡಿಸಿ
ಹಾಸಿಗೆಯನ್ನೇ ಬಿಚ್ಚಿ, ಉಣ್ಣೆಯೊಳಗೆ ಹೊಲಿದೆ.
ಮಗ್ಗುಲಾದರೆ ಸರಬರ ಸದ್ದು.
ಆನ್ಸೆಲ್ಮೋ ಕತ್ತಲಲ್ಲಿ ಕೇಳಿದ:
"ದೇಲ್ಫಿನಾ, ನಿನಗೆ ನಿನ್ನ ದೇಶದ ಮೇಲೇ ನಂಬಿಕೆಯಿಲ್ಲವೆ?"
"ದೇಶದ ಮೇಲಿದೆ. ನಿನ್ನ ಯಂತ್ರದ ಮೇಲಿಲ್ಲ."
ಅವನು ಗೋಡೆಯ ಕಡೆ ತಿರುಗಿದ.
ಆ ಹಾಸಿಗೆಯ ಮೇಲೆಯೇ ಮಲಗಿದ, ಅದೂ ನಿಜ.

ಅಂಗಡಿ ಮುಚ್ಚಿದಾಗ ಎವಾರಿಸ್ತೋ
ಬಾಕಿ ಸಂಬಳಕ್ಕೆ ನೋಟು ಕೊಡಲಿಲ್ಲ,
ಮರ್ಯಾದಸ್ಥ; ಒಂದು ಚೀಲ ಡಬ್ಬಿ ಕೊಟ್ಟ.
ಸಿಂಕಿನಲ್ಲಿ ಬಿಸಿನೀರು ಬಿಟ್ಟು
ಒಂದು ಬಟಾಣಿ ಡಬ್ಬಿಯ ಚೀಟಿ ಸುಲಿಯತೊಡಗಿದೆ.
ಗಂಡ ಬಂದು ಪಕ್ಕ ನಿಂತ. ತಾನೂ ಉಗುರು ಹಾಕಿದ.
"ಇದು ದೊಡ್ಡ ನೋಟು ಹೊರಟ ವಾರದ್ದು," ಎಂದ.
"ಇದು ರವಿವಾರವೂ ಯಂತ್ರ ನಿಲ್ಲಿಸದ ತಿಂಗಳು."
ಇಪ್ಪತ್ತೆರಡು ಚೀಟಿ. ಪ್ರತಿಯೊಂದರ ತಾರೀಖೂ
ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಕೊನೆಗೆ ಬರಿಯ ತಗಡು ಹೊಳೆಯಿತು.
ಅದರ ಮೇಲೆ ಕಾರ್ಖಾನೆ ಒತ್ತಿದ ಅಕ್ಷರ:
ಮುನ್ನೂರು ಗ್ರಾಂ.
ಮೊದಲ ದಿನವೂ ಅಷ್ಟೇ ಇತ್ತು.

ಆನ್ಸೆಲ್ಮೋ ಬಹಳ ಹೊತ್ತು ಕೈ ತೊಳೆದ.
ಆಮೇಲೆ ಉಣ್ಣಲು ಕೂತು,
ಉಪ್ಪು ಸ್ವಲ್ಪ ಕಡಿಮೆ, ಎಂದ.